150 ಮದುವೆ ಕವರ್, ಕನ್ನಡದಲ್ಲಿ ಹೆಸರು: ಕ್ಯಾಲಿಗ್ರಫಿಗೆ ರೇಟ್ ಎಷ್ಟು ಹೇಳಲಿ?

ಮಲ್ಲೇಶ್ವರದ_ಮಸಿ:
ಫ್ರೀಲ್ಯಾನ್ಸ್ ಆಗಿ ಇದೇ ಮೊದಲ ಆರ್ಡರ್. ಕವರ್ ಕಡು ಮೆರೂನ್, ಮಿಂಚೋ ಕಾಗದ. ನನ್ನ ಹತ್ರ ಇರೋದು ಪೈಲಟ್ ಪ್ಯಾರಲಲ್ ಪೆನ್ (ಮಸಿ ಒಳಗೇ ತುಂಬೋ, ಅಗಲ ನಿಬ್ಬಿನ ಪೆನ್ನು). ಒಪ್ಪಿಕೊಳ್ಳೋ ಮುಂಚೆ ಏನೇನು ನೋಡಬೇಕು?

ದುಂಡಕ್ಷರ:
ರೇಟ್ ಆಮೇಲೆ. ಮೊದಲು ಅದೇ ಕವರ್ ನಾಲ್ಕೈದು ತರಿಸಿಕೊಂಡು ಬರೆದು ನೋಡಿ. ಮಿಂಚೋ ಕಾಗದ ಮಸಿ ಹೀರಲ್ಲ, ಒಣಗಿದ ಹಾಗೆ ಕಂಡರೂ ಬೆರಳು ತಾಗಿದರೆ ಹರಡುತ್ತೆ. ಪ್ಯಾರಲಲ್ ಮಸಿ ಪಾರದರ್ಶಕ, ಮೆರೂನ್ ಮೇಲೆ ಕಾಣೋದೇ ಇಲ್ಲ. ಬಿಳಿ ಅಥವಾ ಚಿನ್ನದ ಬಣ್ಣದ ಗ್ವಾಶ್‌ಗೆ (ಹಿಂದಿನ ಬಣ್ಣ ಮುಚ್ಚೋ ದಟ್ಟ ಜಲವರ್ಣ) ಹನಿಹನಿಯಾಗಿ ನೀರು ಬೆರೆಸಿ ತೆಳು ಕೆನೆಯ ಹದಕ್ಕೆ ತನ್ನಿ, ಅದ್ದಿ ಬರೆಯೋ ಅಗಲ ನಿಬ್ಬಲ್ಲಿ ಬರೀರಿ. ಒಣಗಿದ ಮೇಲೆ ಪುಡಿ ಉದುರಿದರೆ ಬಣ್ಣ ಹಿಡಿದಿಡೋ ಅಂಟು, ಗಮ್ ಅರಾಬಿಕ್, ಒಂದು ಹನಿ ಸಾಕು, ಜಾಸ್ತಿ ಆದರೆ ಬಿರುಕು ಬಿಡುತ್ತೆ. ಹೊಸ ನಿಬ್ ಮೇಲೆ ಎಣ್ಣೆ ಲೇಪ ಇರುತ್ತೆ, ಪಾತ್ರೆ ಸೋಪಲ್ಲಿ ತೊಳೆಯದಿದ್ದರೆ ಬಣ್ಣ ಹನಿಯಾಗಿ ಜಾರುತ್ತೆ. ಗ್ವಾಶ್, ಇಂಡಿಯನ್ ಇಂಕ್ ಎರಡನ್ನೂ ಪ್ಯಾರಲಲ್ ಒಳಗೆ ದಯವಿಟ್ಟು ಹಾಕಬೇಡಿ, ಕಟ್ಟಿಕೊಂಡರೆ ಪೆನ್ನು ಹೋದ ಹಾಗೇ. ಕೆಳಗಿಂದ ಬೆಳಕು ಬಿಟ್ಟು ಗೆರೆ ಕಾಣಿಸೋ ಲೈಟ್ ಬಾಕ್ಸ್ ಇಲ್ಲಿ ನಡೆಯಲ್ಲ, ಕಡು ಬಣ್ಣದ ಕವರಿನಲ್ಲಿ ಬೆಳಕು ತೂರಲ್ಲ. ಗೆರೆಗೆ ಲೇಸರ್ ಲೆವೆಲ್ (ಬೆಳಕಿನ ನೇರ ಗೆರೆ ಬೀಳಿಸೋ ಸಾಧನ) ಬೇಕಾಗುತ್ತೆ.

ಒತ್ತು_ದೀರ್ಘ:
ಕನ್ನಡಕ್ಕೆ ಜಾಗದ ಲೆಕ್ಕವೇ ಬೇರೆ. 1.5 ಮಿ.ಮೀ. ನಿಬ್ಬಿಗೆ ಅಕ್ಷರದ ಎತ್ತರ ಅದರ ಐದು ಪಟ್ಟು, ಅಂದರೆ 7.5 ಮಿ.ಮೀ. ಇಡಿ, ಸಾಲಿಂದ ಸಾಲಿಗೆ 18 ಮಿ.ಮೀ.ಗಿಂತ ಕಡಿಮೆ ಬೇಡ. 'ಕೃಷ್ಣಮೂರ್ತಿ' ಬರೆದು ನೋಡಿ: ವಟ್ರುಸುಳಿ, ಣ ಒತ್ತು ಕೆಳಗಿಳಿಯುತ್ತವೆ, 'ಮೂ' ದೀರ್ಘ ಮತ್ತು ಅರ್ಕಾವತ್ತು ಬಲಕ್ಕೆ ಚಾಚುತ್ತವೆ. 'ಲಕ್ಷ್ಮಿ'ಗೆ ಎರಡು ಒತ್ತು. ಪಟ್ಟಿಯಲ್ಲಿ ಇಂಥ ಭಾರದ ಹೆಸರನ್ನೇ ಮೊದಲು ಬರೆದು ಅದರಿಂದ ಅಳತೆ ಗೊತ್ತು ಮಾಡಿ. ಹೆಸರಿನ ಪಟ್ಟಿ ಕನ್ನಡದಲ್ಲೇ ಟೈಪ್ ಮಾಡಿಸಿ ತಗೊಳ್ಳಿ. ಇಂಗ್ಲಿಷ್ ಪಟ್ಟಿಯಲ್ಲಿ ಲ-ಳ, ನ-ಣ ತಿಳಿಯಲ್ಲ. 'ಮಂಗಳಾ' ಹೋಗಿ 'ಮಂಗಲಾ' ಆದರೆ ತಪ್ಪು ನಿಮ್ಮ ತಲೆಗೇ.

ಪೇಟೆ_ಪೆನ್ನು:
ಹತ್ತು ಕವರ್ ಗೆರೆ ಹಾಕಿ, ಬರೆದು, ಒಣಗಲು ಹರವೋವರೆಗೂ ಗಡಿಯಾರ ಇಟ್ಟು ನೋಡಿ. ಗಂಟೆಗೆ 8 ಆಗುತ್ತೆ, ಗಂಟೆಗೆ 400 ರೂಪಾಯಿ ಬೇಕು ಅಂದರೆ ಒಂದಕ್ಕೆ 50, ಒಟ್ಟು 7,500. ಸುಮಾರು 19 ಗಂಟೆ ಕೆಲಸ. ದಿನಕ್ಕೆ ಮೂರು ಗಂಟೆ ದಾಟಿದರೆ ಅಕ್ಷರ ಸಡಿಲ ಆಗುತ್ತೆ, ಹಾಗಾಗಿ ಒಂದು ವಾರ ಕೇಳಿ. ತಪ್ಪಾದರೆ ಇರಲಿ ಅಂತ ಕವರ್ 170 ಇಸ್ಕೊಳ್ಳಿ, ಅರ್ಧ ದುಡ್ಡು ಮುಂಗಡ. ವರ್ಷದ ವಹಿವಾಟು 20 ಲಕ್ಷ ಮುಟ್ಟೋವರೆಗೂ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮುಂದಿನ ಕೆಲಸಕ್ಕೆ ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಕಾರ್ಡ್ ಅಂಗಡಿಗಳಲ್ಲಿ ಕನ್ನಡದ ಸ್ಯಾಂಪಲ್ ಕೊಟ್ಟು ಬನ್ನಿ. ಆಷಾಢದಲ್ಲಿ ಮದುವೆ ಇರಲ್ಲ, ಸ್ಯಾಂಪಲ್ ಬರೆಯೋಕೆ ಅದೇ ತಿಂಗಳು.