ಅಪ್‌ಡೇಟ್: ಸವೆದ ಸಮಾಧಿ ಕಲ್ಲು ಓದಲು ಕನ್ನಡಿ ಸಾಕಾಯಿತು

ಇಂಗ್ಲೆಂಡಿನ ನಮ್ಮ ಹಳ್ಳಿಯ ಹಳೇ ಚರ್ಚಿನ ಅಂಗಳದಲ್ಲಿ ಸಮಾಧಿ ಕಲ್ಲುಗಳ ಬರಹ ಸವೆದುಹೋಗಿದೆ, ಸೀಮೆಸುಣ್ಣ ಉಜ್ಜಿ ಓದಬಹುದಾ ಅಂತ ಕಳೆದ ತಿಂಗಳು ಕೇಳಿದ್ದೆ. ಬೇಡ, ಕನ್ನಡಿ ತಗೊಂಡು ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಚರ್ಚಿನವರ ಅನುಮತಿ ಪಡೆದು ಶನಿವಾರ ಹೋದೆವು. ಗೆಳತಿ ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದಳು ನೋಡಿ, ಅಲ್ಲಿವರೆಗೆ ಬೋಳು ಅನಿಸುತ್ತಿದ್ದ ಕಲ್ಲಿನಲ್ಲಿ ಒಂದೊಂದೇ ಅಕ್ಷರದ ಅಂಚಿಗೆ ನೆರಳು ಕೂತು, ಮೊದಲು ಹೆಸರು, ಆಮೇಲೆ ‘ರೆಲಿಕ್ಟ್’ ಅನ್ನುವ ಪದ, ಕೊನೆಗೆ ವರ್ಷ ಎದ್ದು ಬಂತು. ರೆಲಿಕ್ಟ್ ಅಂದರೆ ವಿಧವೆ. ಮೈ ಜುಮ್ ಅಂತು.

ವರ್ಷ 1723/4 ಅಂತ ಇತ್ತು. ಕೆತ್ತಿದವನ ತಪ್ಪು ಅಂದುಕೊಂಡೆ. ಅಲ್ಲ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಜನವರಿಯಲ್ಲೋ ಫೆಬ್ರವರಿಯಲ್ಲೋ ತೀರಿಕೊಂಡವರಿಗೆ ಎಷ್ಟೋ ಸಲ ಹಳೇ ಲೆಕ್ಕದ್ದು (ಇಲ್ಲಿ 1723), ಈಗಿನ ಲೆಕ್ಕದ್ದು (1724) ಅಂತ ಎರಡೂ ವರ್ಷ ಹಾಕುತ್ತಿದ್ದರು. ಕಾಗುಣಿತ, ಸಾಲು ಮುರಿದ ಜಾಗ, ಎಲ್ಲಾ ಇದ್ದ ಹಾಗೇ ಬರೆದುಕೊಂಡೆ. ಪದದ ನಡುವೆ ಎಫ್ ಥರ ಕಾಣುವುದು ಉದ್ದನೆಯ ಎಸ್, ಮೋಸ ಹೋಗಬೇಡಿ.

ಕಲ್ಲುಹೂವನ್ನು ಮಾತ್ರ ಕೆರೆಯಬೇಡಿ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಎಷ್ಟೋ ಜಾತಿಯ ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ಕೆರೆದರೆ ಅದರ ಜೊತೆ ಕಲ್ಲಿನ ಪದರ, ಅಕ್ಷರ ಎಲ್ಲಾ ಕಿತ್ತು ಬರುತ್ತದೆ, ಅಲ್ವಾ?

14 ಕಲ್ಲು ಮುಗಿದಿವೆ. ಉತ್ತರದ ಬದಿಗೆ ಬಿಸಿಲೇ ಬೀಳುವುದಿಲ್ಲ, ಅಲ್ಲಿಗೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗುತ್ತೇವೆ.