ಬೆನ್ನಿನ ಫ್ಯೂಷನ್ ಆಗಿ ಎರಡು ವರ್ಷ: ಸ್ಕ್ರೂ, ರಾಡ್ ತೆಗೆಸಬೇಕಾ, ಬೇಡವಾ?

ಅಡಿಕೆಅಂಗಳ, ಶಿರಸಿ:
ಅಣ್ಣನಿಗೆ 46 ವರ್ಷ, ತೆಳ್ಳಗಿನ ಮೈ. ಸೊಂಟದ ಎಲ್4, ಎಲ್5 ಬೆನ್ನುಮೂಳೆಗಳನ್ನು ಒಂದಾಗಿ ಕೂಡಿಸುವ ಫ್ಯೂಷನ್ ಆಪರೇಶನ್ ಆಗಿ ಎರಡು ವರ್ಷ. ನಾಲ್ಕು ಸ್ಕ್ರೂ, ಎರಡು ರಾಡ್, ನಡುವೆ ಡಿಸ್ಕಿನ ಜಾಗದಲ್ಲಿ ಒಂದು ಕೇಜ್ (ಪುಟ್ಟ ಪಂಜರ). ಕಾಲಿನ ಸೆಳೆತ ಪೂರ್ತಿ ಹೋಗಿದೆ. ಆದರೆ ಈಚೆಗೆ ಹೊಲಿಗೆ ಗುರುತಿನ ಬಲಬದಿಗೆ ಒಂದೇ ಜಾಗದಲ್ಲಿ ನೋವು. ಗಟ್ಟಿ ಕುರ್ಚಿಗೆ ಒರಗಿದರೆ, ದೇವಿಮನೆ ಘಟ್ಟದಲ್ಲಿ ಬಸ್ಸು ಕುಲುಕಿದರೆ ಜಾಸ್ತಿ. ಜ್ವರ ಇಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು ‘ಬೇಕಾದರೆ ತೆಗೆಯೋಣ’ ಅಂದರು, ಮಂಗಳೂರಿನಲ್ಲಿ ಇನ್ನೊಬ್ಬರು ‘ಇರಲಿ ಬಿಡಿ’ ಅಂದರು. ಇಬ್ಬರೂ ನೋಡಿದ್ದು ಎಕ್ಸ್‌ರೇ ಮಾತ್ರ. ಮನೆಯಲ್ಲಿ ಹಿರಿಯರದ್ದು ‘ಮೈಯೊಳಗೆ ಕಬ್ಬಿಣ ಇರಬಾರದು’ ಅಂತ ಒಂದೇ ಹಟ. ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?

ಬೆನ್ನೆಲುಬು:
ಹಿರಿಯರ ಮಾತಿನಿಂದಲೇ ಶುರು ಮಾಡುವಾ. ಈಗ ಹಾಕುವುದು ಬಹುತೇಕ ಟೈಟಾನಿಯಂ ಮಿಶ್ರಲೋಹ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಇಷ್ಟು ವರ್ಷಕ್ಕೆ ತೆಗೆಯಬೇಕು ಅಂತ ಅವಧಿಯೂ ಇಲ್ಲ. ಸ್ಲ್ಯಾಬಿಗೆ ಹೊಡೆದ ಸೆಂಟ್ರಿಂಗ್ ಥರ ಅದರ ಕೆಲಸ. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು, ಅಲ್ಲಿಯವರೆಗೆ ಅಲುಗದಂತೆ ಹಿಡಿದಿಡುತ್ತದೆ. ಆಮೇಲೆ ಭಾರ ಹೊರುವುದು ಮೂಳೆಯೇ. ಒಳಗೆ ಸುಮ್ಮನೆ ಉಳಿದರೆ ತೊಂದರೆ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆ ತೆಗೆಯಬೇಕಾ ಅಂತಲ್ಲ, ಮೂಳೆ ಕೂಡಿದೆಯಾ ಅಂತ. ಅದಕ್ಕೆ ಎಕ್ಸ್‌ರೇ ಸಾಲದು. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸಿನ ಸಿಟಿ ಸ್ಕ್ಯಾನ್ ಮಾಡಿಸಿ. ರಿಪೋರ್ಟಿನಲ್ಲಿ ಮೂರು ವಿಷಯ ಹುಡುಕಿ: ಕೇಜಿನ ಒಳಗೆ ಅಥವಾ ಪಕ್ಕದಲ್ಲಿ ಮೂಳೆಯ ಸೇತುವೆ ಮೇಲಿಂದ ಕೆಳಗೆ ಕಡಿಯದೆ ಹೋಗಿದೆಯಾ, ಸ್ಕ್ರೂ ಸುತ್ತ ಕಪ್ಪು ಉಂಗುರದ ಹಾಗೆ ಖಾಲಿ ಜಾಗ ಕಾಣುತ್ತದಾ, ಮೇಲಿನ ಸ್ಕ್ರೂ ಅದರ ಮೇಲಿನ, ಕೂಡಿಸದ ಎಲ್3-ಎಲ್4 ಕೀಲಿಗೆ ತಾಗುತ್ತಿದೆಯಾ. ಉಂಗುರ ಕಂಡರೆ ಸ್ಕ್ರೂ ಸಡಿಲ, ಮೂಳೆ ಕೂಡಿಲ್ಲದಿರಬಹುದು. ಎಡವುವುದು ಹೆಚ್ಚಾಗಿ ಇಲ್ಲೇ. ಕೂಡದ ಬೆನ್ನಿನಿಂದ ಲೋಹ ತೆಗೆದರೆ ಇದ್ದ ಆಸರೆಯೂ ಹೋಗಿ ನೋವು ಹೆಚ್ಚುತ್ತದೆ. ಅಲ್ಲಿ ಬೇಕಾಗುವುದು ಇನ್ನೂ ದಪ್ಪ ಸ್ಕ್ರೂ, ಹೊಸ ಮೂಳೆ ಕಸಿ. ಅದು ದೊಡ್ಡ ಆಪರೇಶನ್ನೇ.

ಎರಡನೆಯದು ಸೋಂಕು. ಒಳಗಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮಾಡಿಸಿ. ಜ್ವರ ಇಲ್ಲ ಅಂದಮಾತ್ರಕ್ಕೆ ಸೋಂಕಿಲ್ಲ ಅನ್ನಲಾಗದು, ಈ ಎರಡು ನಾರ್ಮಲ್ ಬಂದರೂ ಪೂರ್ತಿ ಖಾತ್ರಿ ಇಲ್ಲ. ಚರ್ಮದ ಮೇಲೇ ಇರುವ ಕ್ಯೂಟಿಬ್ಯಾಕ್ಟೀರಿಯಂ ಎಂಬ ರೋಗಾಣು ವರ್ಷಗಟ್ಟಲೆ ಸದ್ದಿಲ್ಲದೆ ಲೋಹಕ್ಕೆ ಅಂಟಿಕೊಂಡಿರಬಲ್ಲದು. ಬೆಳೆಯುವುದು ಬಹಳ ನಿಧಾನ. ಆದ್ದರಿಂದ ತೆಗೆಯುವ ದಿನ ಕಳಿಸುವ ಸ್ಯಾಂಪಲ್ಲನ್ನು ಲ್ಯಾಬಿನವರು 14 ದಿನ ಇಟ್ಟು ನೋಡಬೇಕು. ಇದನ್ನು ಮುಂಚೆಯೇ ಹೇಳಿಡಿ, ಇಲ್ಲವಾದರೆ ಐದನೇ ದಿನಕ್ಕೆ ‘ಏನೂ ಬೆಳೆದಿಲ್ಲ’ ಅಂತ ಬರೆದುಕೊಟ್ಟುಬಿಡುತ್ತಾರೆ.

ಇವೆರಡೂ ಸರಿ ಇದ್ದರೆ ಬ್ಲಾಕ್ ಇಂಜೆಕ್ಷನ್. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತಾ, ನೋವಿರುವ ಬದಿಯ ಸ್ಕ್ರೂ ತಲೆಯ ಸುತ್ತ ಮರಗಟ್ಟಿಸುವ ಔಷಧಿ ಸ್ವಲ್ಪವೇ ಬಿಡುತ್ತಾರೆ. ಜಾಸ್ತಿ ಬಿಟ್ಟರೆ ಅಕ್ಕಪಕ್ಕಕ್ಕೂ ಹರಡಿ ಪರೀಕ್ಷೆ ಕೆಡುತ್ತದೆ. ಆಮೇಲೆ ಅಣ್ಣ ಮಲಗಿಕೊಂಡರೆ ಪ್ರಯೋಜನವಿಲ್ಲ. ಔಷಧಿಯ ಗುಣ ಇರುವ ಒಂದೆರಡು ತಾಸಿನಲ್ಲೇ ಗಟ್ಟಿ ಕುರ್ಚಿಗೆ ಒರಗಿ, ಗಾಡಿಯಲ್ಲಿ ಓಡಾಡಿ, ನೋವನ್ನು 0ಯಿಂದ 10ರ ಲೆಕ್ಕದಲ್ಲಿ ಬರೆದಿಡಬೇಕು. 7 ಇದ್ದದ್ದು 2ಕ್ಕೆ ಇಳಿದರೆ ಸ್ಕ್ರೂ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಇಳಿಯದಿದ್ದರೆ ಸೊಂಟದ ಎಸ್‌ಐ ಕೀಲು (ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಜಾಗ), ಮೇಲಿನ ಡಿಸ್ಕ್ ನೋಡಬೇಕು, ಸ್ಕ್ರೂ ತೆಗೆಸಿ ಏನೂ ಸಿಗುವುದಿಲ್ಲ. ತೆಳ್ಳಗಿನವರಿಗೆ, ಬೆರಳೊತ್ತಿ ತೋರಿಸಬಹುದಾದ ನೋವಿಗೆ, ತೆಗೆಸಿದ ಮೇಲೆ ಆರಾಮ ಸಿಗುವ ಸಾಧ್ಯತೆ ಇದೆ. ಖಾತ್ರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಓಟಿ ಟ್ರೇ, ಕಾರವಾರ:
ಡಾಕ್ಟರು ಹೇಳದೆ ಬಿಡುವ ಒಂದು ವಿಷಯ: ಇಂಪ್ಲಾಂಟ್ (ಒಳಗೆ ಹಾಕಿದ ಸ್ಕ್ರೂ, ರಾಡ್) ಸ್ಟಿಕರ್. ಡಿಸ್ಚಾರ್ಜ್ ಸಮರಿಯಲ್ಲಿ ಎಷ್ಟೋ ಸಲ ಇರುವುದಿಲ್ಲ ಮಾರಾಯ್ರೆ, ಕೇಸ್ ಶೀಟಿನ ಓಟಿ (ಆಪರೇಶನ್ ಥಿಯೇಟರ್) ನೋಟ್ಸ್ ಪುಟಕ್ಕೆ ಅಂಟಿಸಿರುತ್ತಾರೆ. ಆಪರೇಶನ್ ಆದ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಟ್ಟು ಆ ಪುಟದ ಪ್ರತಿ ತನ್ನಿ. ಕಂಪನಿ, ಮಾಡೆಲ್, ಸ್ಕ್ರೂ ದಪ್ಪ, ರಾಡ್ ಅಳತೆ ಎಲ್ಲ ಅದರಲ್ಲೇ ಇರುತ್ತದೆ.

ಯಾಕೆಂದರೆ ರಾಡನ್ನು ಹಿಡಿದಿಟ್ಟ ಸೆಟ್ ಸ್ಕ್ರೂವಿನ ಗುಳಿ ಕೆಲವದ್ದು ಆರು ಮೂಲೆ, ಕೆಲವದ್ದು ನಕ್ಷತ್ರದಾಕಾರ, ಅಳತೆಯೂ ಕಂಪನಿಗೊಂದು. ಸರಿಯಾದ ಡ್ರೈವರ್ ಇಲ್ಲದೆ ತಿರುಗಿಸಿದರೆ ಗುಳಿಯ ಅಂಚು ಸವೆದುಹೋಗುತ್ತದೆ. ಆಮೇಲೆ ರಾಡನ್ನೇ ಕತ್ತರಿಸಬೇಕು, ಲೋಹದ ಪುಡಿ ಗಾಯದೊಳಗೆ ಬೀಳುತ್ತದೆ, ತಾಸಿನ ಕೆಲಸ ಮೂರು ತಾಸಿಗೆ ಹೋಗುತ್ತದೆ. ಎರಡು ವರ್ಷ ಆದವರಲ್ಲಿ ರಾಡ್ ಮೇಲೆ ಮೂಳೆ ಬೆಳೆದು ಮುಚ್ಚಿರುವುದೂ ಉಂಟು, ಅದನ್ನು ಉಳಿಯಿಂದ ಕೆತ್ತಿ ಬಿಡಿಸಬೇಕು. ಸ್ಕ್ರೂ ಒಳಗೇ ಮುರಿದಿದ್ದರೆ ತುದಿಯನ್ನು ಹೆಚ್ಚಾಗಿ ಅಲ್ಲೇ ಬಿಡುತ್ತಾರೆ, ಕೊರೆದು ತೆಗೆಯಲು ಹೋದರೆ ಒಳ್ಳೆಯ ಮೂಳೆ ಹಾಳು. ಕೇಜ್ ಅಂತೂ ಮುಟ್ಟುವುದಿಲ್ಲ. ಡ್ರೈವರ್ ಸೆಟ್ ಹಿಂದಿನ ದಿನವೇ ಬಂದು ಸ್ಟೆರಿಲೈಸ್ ಆಗಿದೆಯಾ ಅಂತ ಅಡ್ಮಿಟ್ ಆಗುವಾಗ ಕೇಳಿ, ನಾಚಿಕೆ ಬೇಡ.

ಅಡಿಕೆಅಂಗಳ:
ತುಂಬಾ ಉಪಕಾರ. ಇನ್ನೆರಡು ಪ್ರಶ್ನೆ. ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬಿದ್ದ ನಮ್ಮೂರ ಹುಡುಗನಿಗೆ ವರ್ಷದೊಳಗೇ ಸ್ಕ್ರೂ ತೆಗೆದರು. ಅವನಿಗೊಂದು, ಅಣ್ಣನಿಗೊಂದು ಯಾಕೆ? ತೆಗೆಸಿದರೆ ತೋಟದ ಕೆಲಸಕ್ಕೆ ಯಾವಾಗ?

ಫಿಸಿಯೋ, ಕುಮಟಾ:
ಹುಡುಗನಿಗೆ ಆದದ್ದು ಬಹುಶಃ ಫ್ಯೂಷನ್ ಅಲ್ಲ, ಮೂಳೆ ಮುರಿತಕ್ಕೆ ಕೊಟ್ಟ ಆಸರೆ ಮಾತ್ರ. ಮುರಿದ ಮೂಳೆ ತಾನಾಗಿ ಕೂಡುತ್ತದೆ, ಮೇಲೆ ಕೆಳಗಿನ ಕೀಲುಗಳು ಜೀವಂತವಾಗಿಯೇ ಇರುತ್ತವೆ. ರಾಡನ್ನು ಒಳಗೇ ಬಿಟ್ಟರೆ ಆ ಕೀಲುಗಳು ಬಿಗಿಯುತ್ತವೆ, ಅಲುಗಾಟಕ್ಕೆ ಸ್ಕ್ರೂ ಮುರಿಯಲೂಬಹುದು. ಅದಕ್ಕೇ ಎಳೆ ವಯಸ್ಸಿನವರಿಗೆ 9ರಿಂದ 12 ತಿಂಗಳಿಗೆ ತೆಗೆಯುವ ಪದ್ಧತಿ ಇದೆ. ಅಣ್ಣನ ಕೀಲನ್ನು ಬೇಕೆಂದೇ ಕೂಡಿಸಿದ್ದು, ಸ್ಕ್ರೂ ತೆಗೆದರೂ ಆ ಜಾಗ ಮತ್ತೆ ಬಾಗುವುದಿಲ್ಲ.

ತೆಗೆದ ದಿನ ಅಥವಾ ಮರುದಿನವೇ ನಡೆಸುತ್ತಾರೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಆದರೆ ಸ್ಕ್ರೂ ಇದ್ದ ತೂತು ತುಂಬುವವರೆಗೆ ಮೂಳೆ ದುರ್ಬಲ. ಮೊದಲ ಆರು ವಾರ 5 ಕೆ.ಜಿ.ಗಿಂತ ಹೆಚ್ಚು ಎತ್ತುವುದು, ಸೊಂಟ ತಿರುಚುವುದು ಬೇಡ. ಅಡಿಕೆ ಮೂಟೆ, ಕೊಳೆರೋಗದ ಔಷಧಿಯ ಕ್ಯಾನು ಮೂರು ತಿಂಗಳ ನಂತರ, ಅದೂ ಸರ್ಜನ್ ಒಪ್ಪಿದ ಮೇಲೆ. ಮರ ಹತ್ತುವುದು ಬಿಟ್ಟು ನೆಲದಿಂದಲೇ ಕೊಯ್ಯುವ ಉದ್ದ ದೋಟಿ ಹಿಡಿಯಲಿ. ತುರ್ತು ಇಲ್ಲದಿದ್ದರೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಮಾಡಿಸಿದರೆ ಮಳೆಗಾಲದ ಬೋರ್ಡೋ ಸಿಂಪಡಣೆಯ ಹೊತ್ತಿಗೆ ಕೈಗೆ ಬರುತ್ತಾರೆ.

ರಾಡ್ ಇದ್ದ ಖಾಲಿ ಜಾಗದಲ್ಲಿ ರಕ್ತ, ನೀರು ತುಂಬುವುದುಂಟು. ಗಾಯ ಉಬ್ಬಿದರೆ, ಸೋರಿದರೆ ಊರಲ್ಲೇ ಆಂಟಿಬಯಾಟಿಕ್ ಶುರು ಮಾಡಬೇಡಿ, ಕಲ್ಚರ್ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಸುಳ್ಳು ಹೇಳುತ್ತದೆ. ಆಪರೇಶನ್ ಮಾಡಿದವರಿಗೇ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹತೋಟಿಗೆ ತನ್ನಿ, ಬೀಡಿ, ಗುಟ್ಕಾ ಇದ್ದರೆ ಬಿಡಿಸಿ.

ಅಡಿಕೆಅಂಗಳ:
ಸಿಟಿ, ರಕ್ತ ಪರೀಕ್ಷೆ ಮಾಡಿಸುತ್ತೇವೆ. ಮೇಲಿನ ಡಿಸ್ಕ್ ನೋಡಬೇಕು ಅಂದಿರಿ, ಅದಕ್ಕೆ ಎಂಆರ್‌ಐ ಸ್ಕ್ರೂ ಇಟ್ಟುಕೊಂಡೇ ಆಗುತ್ತದಾ?

ಬೆನ್ನೆಲುಬು:
ಟೈಟಾನಿಯಂ ಆದರೆ ಆಗುತ್ತದೆ, ಬುಕ್ ಮಾಡುವಾಗ ಸ್ಟಿಕರ್ ತೋರಿಸಿ. ಸ್ಕ್ರೂ ಹತ್ತಿರ ಚಿತ್ರ ಮಸುಕಾಗುತ್ತದೆ. 3 ಟೆಸ್ಲಾಗಿಂತ 1.5 ಟೆಸ್ಲಾ ಯಂತ್ರದಲ್ಲಿ ಆ ಮಸುಕು ಕಡಿಮೆ, ಈ ಕೆಲಸಕ್ಕೆ ಅದನ್ನೇ ಕೇಳಿ.