ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತಾ? ಮಾಡಿ ನೋಡಿದವರು ಹೇಳಿ

ಕೇಳಿದವರು: ನನ್ನದು 1.2 ಲೀಟರ್ ಪೆಟ್ರೋಲ್ ಇಂಜೆಕ್ಷನ್ ಗಾಡಿ, ಐದು ಗೇರ್, ಮ್ಯಾನುವಲ್. ದಿನಾ ಹೋಗೋ ದಾರೀಲಿ 6 ಕಿ.ಮೀ. ಇಳಿಜಾರಿದೆ. ಪೂರ್ತಿ ಕಡಿದಲ್ಲ, ನಡುವೆ ಎರಡು ಕಡೆ ಮಾತ್ರ ಜೋರಾಗಿ ಇಳಿಯುತ್ತೆ. ಗೇರ್ ತೆಗೆದು ಬಿಟ್ಟರೆ ಉಳಿತಾಯ ಅಂತ ಕೆಲವರು, ಗೇರ್‌ನಲ್ಲೇ ಇಳಿದರೆ ಉಳಿತಾಯ ಅಂತ ಕೆಲವರು. ಯಾವುದು ಸರಿ?

ಇಂಜೆಕ್ಟರ್: ಗೇರ್‌ನಲ್ಲೇ ಇಳೀರಿ. ನನ್ನದೂ 1.2 ಪೆಟ್ರೋಲೇ, ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರ್‌ನ ಅಂಕಿ ಓದೋ ಸಾಧನ) ಹಾಕಿ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತೆ ಅಂತ ನೋಡಿದ್ದೀನಿ. ಎಂಜಿನ್ ಬಿಸಿಯಾಗಿರಬೇಕು. ಮೂರನೇ ಗೇರ್, 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು), ಎಕ್ಸಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಒಂದು ಸೆಕೆಂಡ್ ಒಳಗೆ ಅಂಕಿ 0 ಮಿಲಿಸೆಕೆಂಡ್‌ಗೆ ಬೀಳುತ್ತೆ. ಹನಿ ಪೆಟ್ರೋಲೂ ಹೋಗಲ್ಲ, ಚಕ್ರಗಳೇ ಎಂಜಿನ್ ತಿರುಗಿಸ್ತಾ ಇರುತ್ತವೆ. ಆರ್‌ಪಿಎಂ 1,200ರ ಹತ್ತಿರ ಬಂದಾಗ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಮತ್ತೆ ಪೆಟ್ರೋಲ್ ಬಿಡುತ್ತೆ. ಕಾಲು ಪೂರ್ತಿ ತೆಗೀಬೇಕು ಅನ್ನೋದು ಮುಖ್ಯ. ಪೆಡಲ್ ಮೇಲೆ ಬೆರಳು ತಾಗಿದ್ರೂ ಕಟ್ ಆಗಲ್ಲ. ಎಂಜಿನ್ ತಣ್ಣಗಿದ್ರೂ ಆಗಲ್ಲ. ಅದೇ ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನ ಪಾಡಿಗೆ ತಾನು ಓಡಬೇಕು: ನನ್ನ ಗಾಡೀಲಿ ಗಂಟೆಗೆ 0.7 ಲೀಟರ್, ಎಸಿ ಹಾಕಿದ್ರೆ 1 ಲೀಟರ್. ಸೊನ್ನೆ ದೊಡ್ಡದೋ 0.7 ದೊಡ್ಡದೋ, ಇದರಲ್ಲಿ ವಾದ ಏನಿದೆ?

ಹಳೇ ಕಾರ್ಬ್ಯುರೇಟರ್: ವಾದ ಇದೆ ಸ್ವಾಮಿ. ಎಲ್ಲ ಗಾಡೀಲೂ ಇಸಿಯು ಕೂತಿಲ್ಲ. ನನ್ನದು ಕಾರ್ಬ್ಯುರೇಟರ್, ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸೋ ಹಳೇ ಪದ್ಧತಿ. ಇಳಿಜಾರಲ್ಲಿ ಗೇರ್‌ನಲ್ಲಿಟ್ಟು ಕಾಲು ತೆಗೆದರೆ ಥ್ರಾಟಲ್ (ಗಾಳಿ ಬಿಡೋ ಬಾಗಿಲು) ಮುಚ್ಚಿರುತ್ತೆ, ಎಂಜಿನ್ ಮಾತ್ರ 2,500ರಲ್ಲಿ ತಿರುಗ್ತಿರುತ್ತೆ. ಎಂಜಿನ್‌ಗೆ ಗಾಳಿ ಹೋಗೋ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಜಾಸ್ತಿಯಾಗಿ, ಐಡಲ್ ಜೆಟ್‌ನಿಂದ (ಎಂಜಿನ್ ಸುಮ್ಮನೆ ಓಡುವಾಗ ಪೆಟ್ರೋಲ್ ಬಿಡೋ ಸಣ್ಣ ತೂತು) ಪೆಟ್ರೋಲ್ ಸುಮ್ಮನೆ ಎಳೆದುಕೊಳ್ತಾ ಹೋಗುತ್ತೆ. ಸರಿಯಾಗಿ ಉರಿಯೋದೂ ಇಲ್ಲ, ಸೈಲೆನ್ಸರ್‌ನಲ್ಲಿ ಪಟಪಟ ಅನ್ನೋದು ಅದೇ. ನ್ಯೂಟ್ರಲ್ ಮಾಡಿದ್ರೆ 800 ಆರ್‌ಪಿಎಂಗೆ ಎಷ್ಟು ಬೇಕೋ ಅಷ್ಟೇ. ಕಾಲು ಬಿಟ್ಟಾಗ ಐಡಲ್ ಜೆಟ್ ಮುಚ್ಚೋ ಸೊಲಿನಾಯ್ಡ್ (ಕರೆಂಟ್ ವಾಲ್ವ್) ಇರೋ ಕಾರ್ಬ್ಯುರೇಟರ್‌ಗಳ ಮಾತು ಬೇರೆ, ನನ್ನದರಲ್ಲಿ ಅದಿಲ್ಲ. ಹಿಂದಿನವರು ನ್ಯೂಟ್ರಲ್ ಮಾಡ್ತಿದ್ದದ್ದು ತಿಳಿವಳಿಕೆ ಇಲ್ಲದೆ ಅಲ್ಲ, ಅವರ ಗಾಡಿಗೆ ಅದೇ ಸರಿ ಇತ್ತು.

ಡೀಸೆಲ್ ಪಂಪ್: ಆ ಮಾತನ್ನ ಹಳೇ ಡೀಸೆಲ್‌ಗೆ ಹಚ್ಚಬೇಡಿ. ಇಸಿಯು ಇಲ್ಲದ ಇನ್‌ಲೈನ್ ಪಂಪ್‌ನಲ್ಲೂ ಗವರ್ನರ್ (ವೇಗಕ್ಕೆ ತಕ್ಕಂತೆ ಡೀಸೆಲ್ ಹೆಚ್ಚು ಕಡಿಮೆ ಮಾಡೋ ಭಾಗ) ಇದೆ. ಕಾಲು ತೆಗೆದು ಆರ್‌ಪಿಎಂ ಐಡಲ್‌ಗಿಂತ ಮೇಲಿದ್ದರೆ ಗವರ್ನರ್ ರ‍್ಯಾಕನ್ನ (ಡೀಸೆಲ್ ಅಳತೆ ಮಾಡೋ ಪಟ್ಟಿ) ಸೊನ್ನೆಗೆ ಎಳೆಯುತ್ತೆ, ನಾಜಲ್‌ಗೆ ಡೀಸೆಲ್ ಹೋಗೋದೇ ಇಲ್ಲ. ನ್ಯೂಟ್ರಲ್ ಮಾಡಿದ ಕೂಡಲೇ ಐಡಲ್ ಡೀಸೆಲ್ ಶುರು. ಲಾರಿ ಅಂದ್ರೆ ಇನ್ನೊಂದು ಮಾತು: ಏರ್ ಬ್ರೇಕ್ ಕಂಪ್ರೆಸರ್ ಓಡೋದು ಎಂಜಿನ್‌ನಿಂದ. ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೆ ಬ್ರೇಕ್ ಹಿಡಿದರೆ, 700 ಆರ್‌ಪಿಎಂನಲ್ಲಿ ಕಂಪ್ರೆಸರ್ ತುಂಬೋದಕ್ಕಿಂತ ಬೇಗ ಟ್ಯಾಂಕಿನ ಗಾಳಿ ಖಾಲಿಯಾಗುತ್ತೆ.

ಲೆಕ್ಕದ ಪುಸ್ತಕ: ಎಲ್ಲರೂ ಅರ್ಧ ಹೇಳ್ತಿದ್ದೀರಿ. ಗೇರ್‌ನಲ್ಲಿ ಸೊನ್ನೆ, ಒಪ್ಪಿದೆ. ಆದರೆ ಗಾಡಿ ನಿಧಾನ ಆಗುತ್ತಲ್ಲ, ಅದರ ಲೆಕ್ಕ ಎಲ್ಲಿ? 1,000 ಕೆ.ಜಿ. ಗಾಡಿ, 50 ಕಿ.ಮೀ. ವೇಗ. ಟೈರ್ ಎಳೆತ ಸುಮಾರು 120 ನ್ಯೂಟನ್, ಗಾಳಿಯದು 80. ಒಟ್ಟು 200. 100 ಮೀಟರ್‌ಗೆ 2 ಮೀಟರ್ ಇಳಿಯೋ ರಸ್ತೆ ಮುಂದಕ್ಕೆ ತಳ್ಳೋದೂ 200. ಅಂದ್ರೆ ಅಂಥ ರಸ್ತೇಲಿ ನ್ಯೂಟ್ರಲ್‌ನಲ್ಲಿ ವೇಗ ಹಾಗೇ ನಿಲ್ಲುತ್ತೆ. ಟಾಪ್ ಗೇರ್‌ನಲ್ಲಿ ಕಾಲು ತೆಗೆದರೆ ಎಂಜಿನ್ ಇನ್ನೂ 200ರಿಂದ 250 ಹಿಂದಕ್ಕೆ ಹಿಡಿಯುತ್ತೆ, ವೇಗ ನಿಲ್ಲಬೇಕಾದ್ರೆ 4ರಿಂದ 4.5 ಮೀಟರ್ ಇಳಿಜಾರು ಬೇಕು. ಹಾಗಾಗಿ 2ರಿಂದ 4 ಮೀಟರ್ ನಡುವೆ ಗೇರ್‌ನಲ್ಲಿದ್ರೆ ಪದೇ ಪದೇ ಎಕ್ಸಲರೇಟರ್ ಒತ್ತಬೇಕಾಗುತ್ತೆ. ಅಲ್ಲಿ ನ್ಯೂಟ್ರಲ್‌ಗೇ ಗೆಲುವು. ಅದಕ್ಕಿಂತ ಕಡಿದಾದರೆ ಗೇರ್‌ಗೆ. ಕೆಂಪು ದೀಪಕ್ಕೋ ತಿರುವಿಗೋ ನಿಲ್ಲಬೇಕಾದಲ್ಲೂ ಗೇರ್‌ಗೇ.

ಈಗ ಮೊತ್ತ ನೋಡಿ. 6 ಕಿ.ಮೀ. 50ರಲ್ಲಿ 7 ನಿಮಿಷ ಚಿಲ್ಲರೆ. ನ್ಯೂಟ್ರಲ್‌ಗೆ ಹೋಗೋದು 84 ಮಿ.ಲೀ. ಗೇರ್‌ನಲ್ಲಿ ಮೆಲ್ಲಗೆ ಎಕ್ಸಲರೇಟರ್ ಕೊಡ್ತಾ ಹೋದರೆ, 100 ಕಿ.ಮೀ.ಗೆ 2.5 ಲೀಟರ್ ಅಂತಿಟ್ಟರೂ, 150 ಮಿ.ಲೀ. ಹೋಗುತ್ತೆ. ವ್ಯತ್ಯಾಸ ಕಾಫಿ ಲೋಟದಷ್ಟೂ ಇಲ್ಲ. ಟೈರ್ ಗಾಳಿ ನೋಡಿಕೊಂಡ್ರೆ ಇದಕ್ಕಿಂತ ಜಾಸ್ತಿ ಉಳಿಯುತ್ತೆ.

ಇಂಜೆಕ್ಟರ್: ಹೊಸಬರಿಗೆ ನ್ಯೂಟ್ರಲ್ ಗೆಲ್ಲುತ್ತೆ ಅಂತ ಹೇಳಬೇಡಿ ಸಾರ್. ನೀವು ಕಾಗದದ ಮೇಲೆ 200 ನ್ಯೂಟನ್ ಬರೀತೀರಿ, ಅವರು ಅದನ್ನ ಕಡಿದಾದ ಘಾಟಿಗೂ ಹಚ್ಚಿಕೊಳ್ತಾರೆ.

ಲೆಕ್ಕದ ಪುಸ್ತಕ: ಯಾವ ಇಳಿಜಾರಿಗೆ ಯಾವುದು ಅಂತ ಬಿಡಿಸಿ ಬರೆದಿದ್ದೀನಿ. ಓದದೆ ಜಗಳಕ್ಕೆ ಬಂದರೆ ನಾನೇನು ಮಾಡ್ಲಿ? ಕೆಲವು ಆಟೋಮ್ಯಾಟಿಕ್ ಗಾಡಿಗಳಲ್ಲಿ ಕಂಪನಿಯವರೇ ಇದನ್ನ ಮಾಡಿಟ್ಟಿದ್ದಾರೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಗೇರ್‌ಬಾಕ್ಸ್ ಇಕೋ ಮೋಡ್‌ನಲ್ಲಿ ಕಾಲು ತೆಗೆದರೆ ಕ್ಲಚ್ ಬಿಟ್ಟು ಗಾಡಿಯನ್ನ ತೇಲಿಸುತ್ತೆ. ಬ್ರೇಕ್ ಮುಟ್ಟಿದ್ರೆ ತಾನೇ ಗೇರ್‌ಗೆ ಬರುತ್ತೆ.

ಘಾಟಿ ಗಾಡಿ: ಬ್ರೇಕ್ ಮುಟ್ಟಿದ್ರೆ ಗೇರ್‌ಗೆ ಬರುತ್ತೆ ಅಂದ್ರಲ್ಲ, ಅದೇ ವಿಷಯ. ಮ್ಯಾನುವಲ್‌ನಲ್ಲಿ ಯಾರು ತರ್ತಾರೆ? ನೀವು ಮಿಲಿಲೀಟರ್ ಎಣಿಸ್ತಿದ್ದೀರಿ, ನಾನು ಬಿಸಿ ಎಣಿಸ್ತೀನಿ. ಜನ ಸೇರಿ 1,200 ಕೆ.ಜಿ. ಗಾಡಿ, 5 ಕಿ.ಮೀ.ನಲ್ಲಿ 300 ಮೀಟರ್ ಇಳಿದರೆ 35 ಲಕ್ಷ ಜೂಲ್. ಟೈರ್, ಗಾಳಿ ಸೇರಿ 10 ಲಕ್ಷ ತಿಂದುಕೊಳ್ಳಲಿ, 25 ಲಕ್ಷ ಉಳೀತು. ನ್ಯೂಟ್ರಲ್‌ನಲ್ಲಿ ಅಷ್ಟೂ ಬ್ರೇಕಿಗೇ. ಅದರಲ್ಲಿ ನೂರಕ್ಕೆ 70 ಭಾಗ ಮುಂದಿನ ಎರಡು ಡಿಸ್ಕ್‌ಗೆ. ತಲಾ 5 ಕೆ.ಜಿ. ಕಬ್ಬಿಣ. ಆರೋದಕ್ಕೆ ಬಿಡದೆ ಹಿಡಿದರೆ 380 ಡಿಗ್ರಿ ಏರುತ್ತೆ. ನಡುವೆ ಗಾಳಿ ತಗುಲಿ ಒಂದಿಷ್ಟು ಆರುತ್ತೆ, ಆದರೂ ಪ್ಯಾಡ್ ವಾಸನೆ ಬರೋಕೆ ಅಷ್ಟು ಬೇಕಾಗಿಲ್ಲ. ಮೂರನೇ ಗೇರ್‌ನಲ್ಲಿದ್ದರೆ ಅದರಲ್ಲಿ ಬಹುಪಾಲು ಎಂಜಿನ್ನೇ ನುಂಗುತ್ತೆ.

ಬ್ರೇಕ್ ಆಯಿಲ್ ಮಾತಂತೂ ಯಾರೂ ಎತ್ತಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋದು 205 ಡಿಗ್ರಿ ಮೇಲೆ, ನೀರು ಹೀರಿದ ಮೇಲೆ 140 ಅಷ್ಟೇ. ಡಾಟ್ 4 ಆದ್ರೆ 230, 155. ಕುದಿದರೆ ಪೈಪಿನಲ್ಲಿ ಆವಿ, ಆವಿ ಒತ್ತಿದ್ರೆ ಕುಗ್ಗುತ್ತೆ, ಪೆಡಲ್ ನೆಲ ಮುಟ್ಟುತ್ತೆ. ಇಷ್ಟರ ಮೇಲೆ ಚಾವಿ ಆಫ್ ಮಾಡಿ ಬಿಡೋರೂ ಇದ್ದಾರೆ! ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರ್‌ನಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ಹಿಡಿಯೋಕೆ ಸಾಕು, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೀರಿಂಗ್ ಭಾರ. ಚಾವಿ ಹೊರಗೆ ಎಳೆದರೆ ಸ್ಟೀರಿಂಗ್ ಲಾಕ್ ಬೀಳುತ್ತೆ. ದಯವಿಟ್ಟು ಯಾರೂ ಅದನ್ನ ಮಾಡಬೇಡಿ.

ಕ್ಲಚ್ ಪ್ಲೇಟ್: ಪೆಟ್ರೋಲ್ ಲೆಕ್ಕ ಮಾತ್ರ ಹೇಳ್ತೀರಿ, ಗೇರ್‌ಬಾಕ್ಸ್ ಲೆಕ್ಕ ಯಾರೂ ಹೇಳಲ್ಲ. ನ್ಯೂಟ್ರಲ್‌ನಿಂದ 60ರ ವೇಗದಲ್ಲಿ ನೇರ ಮೂರಕ್ಕೆ ತಳ್ಳಿ ತಳ್ಳಿ ನನ್ನ ಗಾಡೀಲಿ ಬದಲಾಯಿಸಬೇಕಾಗಿ ಬಂದದ್ದು: ಎರಡು ಮತ್ತು ಮೂರನೇ ಗೇರ್ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳೋ ಮುಂಚೆ ವೇಗ ಹೊಂದಿಸೋ ಬಳೆ), ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸೋ ಬೇರಿಂಗ್), ಹೇಗೂ ಗೇರ್‌ಬಾಕ್ಸ್ ಇಳಿಸಿದ್ದಾರೆ ಅಂತ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಎರಡೂ ಕಡೆ ಆಕ್ಸಲ್ ಸೀಲ್, 2 ಲೀಟರ್ ಗೇರ್ ಆಯಿಲ್. ದಿನಕ್ಕೆ 60 ಮಿ.ಲೀ. ಉಳಿಸಿ ಇದನ್ನ ಯಾವಾಗ ತೀರಿಸೋದು? ಮತ್ತೆ ಗೇರ್ ಹಾಕೋದೇ ಆದರೆ ಮೊದಲು ಎಕ್ಸಲರೇಟರ್ ಕೊಟ್ಟು ಆರ್‌ಪಿಎಂ ಆ ವೇಗಕ್ಕೆ ತಕ್ಕಷ್ಟು ಏರಿಸಿ, ಆಮೇಲೆ ಕ್ಲಚ್ ಬಿಡಿ.

ಇನ್ನು ಗೇರ್‌ನಲ್ಲಿಟ್ಟು ಕ್ಲಚ್ ಒತ್ತಿ ಹಿಡಿದು ಇಳಿಯೋರು. ರಿಲೀಸ್ ಬೇರಿಂಗ್ ಅಷ್ಟು ಹೊತ್ತೂ ಒತ್ತಡದಲ್ಲಿ ತಿರುಗುತ್ತೆ, ಅದು ಸಣ್ಣ ತೊಂದರೆ. ಎರಡನೇ ಗೇರ್ ಬಿದ್ದಿದ್ದು 80ರಲ್ಲಿ ಇಳಿದರೆ ಚಕ್ರಗಳು ಕ್ಲಚ್ ಪ್ಲೇಟನ್ನ ಎಂಜಿನ್ ಮಿತಿಗಿಂತ ಮೇಲೆ ತಿರುಗಿಸಬಹುದು. ಆರ್‌ಪಿಎಂ ತೋರಿಸೋ ಟ್ಯಾಕೋಮೀಟರ್‌ನಲ್ಲಿ 800 ಅಂತಲೇ ಕಾಣುತ್ತೆ, ಒಳಗೆ ಲೈನಿಂಗ್ ಕಿತ್ತು ಹಾರುತ್ತೆ.

ಆ್ಯಪ್ ನೋಡಿದವರು: ಇಂಜೆಕ್ಟರ್ ಅವರೇ, ನನ್ನ ಫೋನಿನ ಆ್ಯಪ್‌ನಲ್ಲಿ ಗೇರ್‌ನಲ್ಲಿ ಇಳಿಯುವಾಗಲೂ ಗಂಟೆಗೆ 1.4 ಲೀಟರ್ ತೋರಿಸುತ್ತೆ, ನ್ಯೂಟ್ರಲ್‌ನಲ್ಲಿ 0.8. ಸೊನ್ನೆ ಅನ್ನೋದು ಸುಳ್ಳು.

ಇಂಜೆಕ್ಟರ್: ಸುಳ್ಳು ಅನ್ನೋ ಮುಂಚೆ ಆ್ಯಪ್ ಆ ಅಂಕಿ ಎಲ್ಲಿಂದ ತರುತ್ತೆ ಅಂತ ನೋಡಿ. ಅದು ಪೆಟ್ರೋಲ್ ಅಳೆಯಲ್ಲ. ಗಾಳಿ ಎಷ್ಟು ಒಳಗೆ ಹೋಯ್ತು ಅನ್ನೋದನ್ನ 14.7ರಿಂದ (ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯೋಕೆ ಬೇಕಾದ ಗಾಳಿಯ ತೂಕ) ಭಾಗಿಸಿ ಪೆಟ್ರೋಲ್ ಇಷ್ಟು ಅಂತ ಊಹಿಸುತ್ತೆ. ಕಟ್ ಆದಾಗಲೂ ಎಂಜಿನ್ ಗಾಳಿ ಎಳೀತಾನೇ ಇರುತ್ತೆ, ಹಾಗಾಗಿ ಇಲ್ಲದ ಪೆಟ್ರೋಲ್ ತೋರಿಸುತ್ತೆ. ಅದೇ ಆ್ಯಪ್‌ನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚಿನ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ತೆಗೆದಿಡಿ. ಸಾಮಾನ್ಯವಾಗಿ 0.1ಕ್ಕೂ 0.9ಕ್ಕೂ ನಡುವೆ ತೂಗಾಡ್ತಿರುತ್ತೆ. ಕಾಲು ತೆಗೆದ ಮೇಲೆ 0ರ ಹತ್ತಿರ ಬಿದ್ದು ಅಲ್ಲೇ ಕೂತರೆ ಪೆಟ್ರೋಲ್ ನಿಂತಿದೆ. ನೋಡಿ ಬಂದು ಹೇಳಿ.

ಹಳೇ ಕಾರ್ಬ್ಯುರೇಟರ್: ವೋಲ್ಟೇಜ್ ಎಲ್ಲ ಬೇಡ, ಟ್ಯಾಂಕ್ ತುಂಬಿಸಿ ಅಳೆದರೆ ಗೊತ್ತಾಗುತ್ತೆ.

ಲೆಕ್ಕದ ಪುಸ್ತಕ: ಗೊತ್ತಾಗಲ್ಲ. ಪಂಪ್ ಕಟ್ ಆಗೋದರಲ್ಲೇ ಅರ್ಧ ಲೀಟರ್ ಆಚೀಚೆ ಆಗುತ್ತೆ. 30 ಲೀಟರ್‌ನಲ್ಲಿ ಅದು ನೂರಕ್ಕೆ 1.7. ನೀವು ಹುಡುಕ್ತಿರೋ ವ್ಯತ್ಯಾಸವೇ ಅಷ್ಟು ಇಲ್ಲ. ಕಡೇ ಪಕ್ಷ ಐದು ಟ್ಯಾಂಕ್ ನ್ಯೂಟ್ರಲ್, ಐದು ಟ್ಯಾಂಕ್ ಗೇರ್, ಅದೇ ಪಂಪ್, ಮೊದಲ ಕಟ್‌ಗೇ ನಿಲ್ಲಿಸಿ, ಅದೇ ಟೈರ್ ಗಾಳಿ.

ಹೈಬ್ರಿಡ್: ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿ ಮೋಟಾರೂ ಇರೋ ಗಾಡಿ) ಇರೋರು ಇದನ್ನ ಓದಿ ಎನ್ (ನ್ಯೂಟ್ರಲ್) ಹಾಕಬೇಡಿ. ಎನ್‌ನಲ್ಲಿ ಬ್ಯಾಟರಿಗೆ ಚಾರ್ಜ್ ಹೋಗಲ್ಲ, ಇಳಿಜಾರಿನ ಶಕ್ತಿ ಎಲ್ಲ ಪ್ಯಾಡ್‌ಗೆ. ತೇಲಬೇಕು ಅಂದ್ರೆ ಡಿ (ಡ್ರೈವ್) ನಲ್ಲೇ ಇಟ್ಟು, ಪವರ್ ಮೀಟರ್ ಮುಳ್ಳು ಸೊನ್ನೆಗೆ ನಿಲ್ಲೋ ಹಾಗೆ ಪೆಡಲ್ ಹಿಡೀರಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಆದರೆ ನನ್ನ ರಸ್ತೆಯ ಎರಡು ಕಡಿದಾದ ಜಾಗದಲ್ಲಿ ಏನು ಮಾಡೋದು ಅಂತ ಯಾರೂ ಹೇಳಲಿಲ್ಲ. ಮೊದಲನೇದರ ಕೊನೇಲಿ ಬಲಕ್ಕೆ ತಿರುವಿದೆ.

ಘಾಟಿ ಗಾಡಿ: ಇಳಿಜಾರು ಶುರುವಾಗೋ ಮುಂಚೇನೇ ಮೂರಕ್ಕೆ ತನ್ನಿ, ಇಳಿಯೋಕೆ ಶುರುವಾದ ಮೇಲಲ್ಲ. ಮೂರರಲ್ಲಿ ಕಾಲು ತೆಗೆದರೂ ವೇಗ ಏರ್ತಿದ್ರೆ ಎರಡು. ತಿರುವಿಗೆ ಮುಂಚೆ ನೇರ ಇರುವಾಗಲೇ ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಬಿಡಿ, ಉದ್ದಕ್ಕೂ ಸವರ್ತಾ ಇರಬೇಡಿ, ಡಿಸ್ಕ್ ಆರಬೇಕು. ಮತ್ತೆ ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ಆಗಿದ್ರೆ ಮೊದಲು ಅದನ್ನ ಮಾಡಿಸಿ.